ಸಾಲದ ಮೊತ್ತವನ್ನು ಬಾಯಿಬಿಟ್ಟು ಹೇಳಿ: ನಾಲ್ಕು ಜನ ಕೂಡಿ ಸಾಲ ತೀರಿಸುವ ಬಗೆ

ನಮ್ಮ ಬಹುಪಾಲು ಮನೆಗಳಲ್ಲಿ ಮುಯ್ಯಿಯ ಲೆಕ್ಕಕ್ಕೊಂದು ಪುಸ್ತಕವಿರುತ್ತದೆ. ಯಾರ ಮದುವೆಗೆ ನಾವು ಎಷ್ಟು ಓದಿಸಿದೆವು, ನಮ್ಮ ಗೃಹಪ್ರವೇಶಕ್ಕೆ ಯಾರು ಎಷ್ಟು ತಂದರು ಎಂಬುದೆಲ್ಲ ಐನೂರೊಂದು, ಸಾವಿರದೊಂದು ಎಂದು ರೂಪಾಯಿ ಬಿಡದೆ ಅದರಲ್ಲಿ ದಾಖಲಾಗಿರುತ್ತದೆ. ಅದೇ ಮನೆಯ ಯಜಮಾನರನ್ನು ‘ಒಟ್ಟು ಸಾಲ ಎಷ್ಟಿದೆ?’ ಎಂದು ಕೇಳಿ ನೋಡಿ. ‘ಒಂದು ನಾಲ್ಕು ಲಕ್ಷದ ಹತ್ತಿರ ಇರಬಹುದು’ ಎನ್ನುತ್ತಾರೆ. ಅದು ಮೂರೂವರೆಯೂ ಆಗಿರಬಹುದು, ಐದೂ ಆಗಿರಬಹುದು. ಲೆಕ್ಕ ಬರೆಯಲು ಬಾರದವರೇನೂ ಅಲ್ಲ. ಬರೆದರೆ ಯಾರಾದರೂ ಓದಿಯಾರು ಎಂಬ ಅಂಜಿಕೆ.

ಬಡ್ಡಿಯಿಂದ ಸಾಲ ಎಷ್ಟು ಬೆಳೆಯುತ್ತದೆಯೋ ಗುಟ್ಟಿನಿಂದಲೂ ಅಷ್ಟೇ ಬೆಳೆಯುತ್ತದೆ. ಹೆಂಡತಿಗೆ ಗೊತ್ತಿಲ್ಲದ ಕಾರ್ಡು, ಗಂಡನಿಗೆ ಗೊತ್ತಿಲ್ಲದ ಸಂಘದ ಕಂತು, ಅಪ್ಪ ಅಮ್ಮನಿಂದ ಬಚ್ಚಿಟ್ಟ ಗಿರವಿ ರಸೀದಿ. ಒಂದನ್ನು ಮುಚ್ಚಿಡಲು ಇನ್ನೊಂದು ಸಾಲ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಲೆಕ್ಕಕ್ಕೆ ಕೊಟ್ಟಷ್ಟೇ ಜಾಗವನ್ನು ಜೊತೆಗಾರರಿಗೂ ಕೊಟ್ಟಿದ್ದೇನೆ. ತಿಂಗಳ ವರಮಾನವಿದ್ದೂ ಸಾಲ ಕೈಮೀರುತ್ತಿರುವ ಮನೆಗಳಿಗಾಗಿ ಇದನ್ನು ಬರೆದಿದ್ದೇನೆ. ಬೆಳೆ ಸಾಲ, ಗೃಹ ಸಾಲಗಳ ಲೆಕ್ಕವೇ ಬೇರೆ; ಅವನ್ನು ಇಲ್ಲಿ ಎತ್ತಿಕೊಂಡಿಲ್ಲ.

ಹಂತ 1: ಎಲ್ಲ ಸಾಲವನ್ನೂ ಒಂದೇ ಹಾಳೆಗೆ ಇಳಿಸಿ

ಇದಕ್ಕೆ ಆ್ಯಪ್ ಬೇಡ, ಉದ್ದನೆಯ ನೋಟ್‌ಬುಕ್ ಸಾಕು. ಒಂದೊಂದು ಸಾಲಕ್ಕೂ ಒಂದೊಂದು ಗೆರೆ ಕೊಡಿ. ಯಾರಿಗೆ ಕೊಡಬೇಕು, ಇಂದಿನ ಅಸಲು ಬಾಕಿ ಎಷ್ಟು, ಬಡ್ಡಿ ದರವೇನು, ಕಂತು ಎಷ್ಟು, ಯಾವ ತಾರೀಕು, ಅವರ ಬಳಿ ನಮ್ಮದು ಏನಿದೆ ಎಂಬುದನ್ನು ಬರೆಯಿರಿ. ಚಿನ್ನವೋ, ಪ್ರೋನೋಟೋ, ಸಹಿ ಹಾಕಿದ ಖಾಲಿ ಚೆಕ್ಕೋ ಎಂಬ ಕೊನೆಯ ವಿವರವನ್ನು ಜನ ಬಿಟ್ಟುಬಿಡುತ್ತಾರೆ. ಸಾಲ ತೀರಿದ ದಿನ ಹೆಚ್ಚು ಬೇಕಾಗುವುದು ಅದೇ.

ಕಿರಾಣಿ ಅಂಗಡಿಯ ಬಾಕಿ, ಮೊದಲೇ ಎತ್ತಿಕೊಂಡ ಚೀಟಿಯ ಉಳಿದ ಕಂತುಗಳು, ಫ್ರಿಜ್ಜಿನ ‘ಬಡ್ಡಿಯಿಲ್ಲದ’ ಕಂತು, ಬಂಧುಗಳಿಂದ ತಂದ ಕೈಗಡ ಎಲ್ಲವೂ ಪಟ್ಟಿಗೆ ಸೇರಬೇಕು. ನೀವು ಬೇರೆಯವರ ಸಾಲಕ್ಕೆ ಜಾಮೀನು ಹಾಕಿದ್ದರೆ ಅದನ್ನು ಕೊನೆಯಲ್ಲಿ ಬೇರೆಯಾಗಿ ಬರೆದಿಡಿ. ಅವರು ಕಟ್ಟುತ್ತಿರುವ ತನಕ ಅದು ನಿಮ್ಮ ಸಾಲವಲ್ಲ. ನಿಲ್ಲಿಸಿದ ಮರುದಿನವೇ ನಿಮ್ಮದಾಗುತ್ತದೆ.

ಬ್ಯಾಂಕು, ಹಣಕಾಸು ಸಂಸ್ಥೆ, ಸಾಲದ ಆ್ಯಪ್‌ಗಳ ಬಾಕಿಯಲ್ಲಿ ಏನಾದರೂ ಮರೆತಿದ್ದೀರಾ ಎಂದು ನೋಡಲು ಕ್ರೆಡಿಟ್ ವರದಿ, ಎಂದರೆ ನಿಮ್ಮ ಹೆಸರಿನಲ್ಲಿರುವ ಸಾಲಗಳ ದಾಖಲೆ, ತರಿಸಿಕೊಳ್ಳಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಎಂದೋ ಕೈಬಿಟ್ಟ ಕಾರ್ಡಿನ ವಾರ್ಷಿಕ ಶುಲ್ಕ ಬೆಳೆದು ನಿಂತಿರುವುದು ಎಷ್ಟೋ ಜನರಿಗೆ ತಿಳಿಯುವುದೇ ಆಗ.

ಮುಂದಿನ ಮಾತುಗಳಿಗೆ ಆಧಾರವಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯಲ್ಲಿ ಬಾಡಿಗೆಗಿರುವ ದಂಪತಿ, ಇಬ್ಬರಿಗೂ ಕೆಲಸವಿದೆ, ಕೈಗೆ ಬರುವುದು ಒಟ್ಟು 52,000 ರೂಪಾಯಿ, ಶಾಲೆಗೆ ಹೋಗುವ ಒಂದು ಮಗು. ಅವರ ಹಾಳೆ ಹೀಗಿದೆ:

ಕ್ರೆಡಿಟ್ ಕಾರ್ಡ್: 68,000, ತಿಂಗಳಿಗೆ ಶೇ 3.5
ವೈಯಕ್ತಿಕ ಸಾಲ: 1,90,000, ವರ್ಷಕ್ಕೆ ಶೇ 15, ಕಂತು 6,600
ಪರಿಚಯದವರಿಂದ ಕೈಸಾಲ: 40,000, ನೂರಕ್ಕೆ ಮೂರು ರೂಪಾಯಿ
ಚಿನ್ನದ ಸಾಲ: 1,00,000, ವರ್ಷಕ್ಕೆ ಶೇ 10
ಅಣ್ಣನಿಂದ ತಂದದ್ದು: 25,000, ಬಡ್ಡಿಯಿಲ್ಲ

ಒಟ್ಟು 4,23,000 ರೂಪಾಯಿ.

ಹಂತ 2: ಬಡ್ಡಿಯನ್ನೆಲ್ಲ ಒಂದೇ ಅಳತೆಗೆ ತನ್ನಿ

ಒಬ್ಬರು ನೂರಕ್ಕೆ ಇಷ್ಟು ಎನ್ನುತ್ತಾರೆ, ಇನ್ನೊಬ್ಬರು ತಿಂಗಳಿಗೆ ಶೇಕಡಾ ಇಷ್ಟು ಎನ್ನುತ್ತಾರೆ, ಮತ್ತೊಬ್ಬರು ಬಡ್ಡಿಯ ಹೆಸರನ್ನೇ ಎತ್ತದೆ ದಿನಕ್ಕೆ ಇಷ್ಟು ಕೊಡಿ ಸಾಕು ಎನ್ನುತ್ತಾರೆ. ಹೀಗೆ ಬೇರೆ ಬೇರೆ ಅಳತೆಯಲ್ಲಿರುವವರೆಗೆ ಯಾವುದು ದುಬಾರಿ ಎಂದು ತಿಳಿಯುವುದಿಲ್ಲ. ಎಲ್ಲವನ್ನೂ ವರ್ಷದ ಶೇಕಡಾಕ್ಕೆ ತಿರುಗಿಸಿ.

ನೂರಕ್ಕೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇ 36. ಕಾರ್ಡಿನ ಶೇ 3.5 ಎಂದರೆ ವರ್ಷಕ್ಕೆ 42, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ‘ಮೀಟರ್ ಬಡ್ಡಿಯವರ ಬಾಗಿಲಿಗೆ ನಾನು ಹೋಗುವವನಲ್ಲ’ ಎಂದು ಹೆಮ್ಮೆಪಡುವ ಎಷ್ಟೋ ಸಂಬಳದಾರರ ಕಿಸೆಯಲ್ಲಿ ಅದಕ್ಕಿಂತ ಹೆಚ್ಚೇನೂ ಅಗ್ಗವಲ್ಲದ ಕಾರ್ಡು ಇರುತ್ತದೆ.

ಇನ್ನು ದಿನದ ಕಂತಿನ ಸಾಲ. ಹತ್ತು ಸಾವಿರ ಎಂದು ಬರೆದುಕೊಂಡು ಒಂದು ಸಾವಿರ ಮೊದಲೇ ಹಿಡಿದು ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಶೇ 10 ತಾನೇ ಎನಿಸುತ್ತದೆ. ಆದರೆ ಎರಡನೆಯ ದಿನದಿಂದಲೇ ಅಸಲು ಕರಗುತ್ತ ಬರುವುದರಿಂದ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 75 ದಾಟುತ್ತದೆ. ವಾಹನ ಅಥವಾ ಪೀಠೋಪಕರಣಕ್ಕೆ ಕೊಡುವ ‘ಫ್ಲಾಟ್’ ಬಡ್ಡಿಯ ಸಾಲದಲ್ಲೂ, ಎಂದರೆ ಅಸಲು ಕರಗಿದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುವ ಸಾಲದಲ್ಲೂ, ಇದೇ ಮಾಯೆಯಿದೆ. ಮೂರು ವರ್ಷಕ್ಕೆ ಶೇ 12 ಫ್ಲಾಟ್ ಎಂದರೆ ನಿಜದ ದರ ಸುಮಾರು 21. ಅಕ್ಟೋಬರ್ 2024ರಿಂದ ಬ್ಯಾಂಕು ಮತ್ತು ನೋಂದಾಯಿತ ಹಣಕಾಸು ಸಂಸ್ಥೆಗಳು ಹೊಸ ಸಾಲ ಕೊಡುವಾಗ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಮುಖ್ಯಾಂಶಗಳ ಪತ್ರದಲ್ಲಿ ತೋರಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಪತ್ರ ಕೇಳಿ ಪಡೆಯಿರಿ.

ನಮ್ಮ ದಾವಣಗೆರೆಯ ಮನೆಯವರು ತಿಂಗಳಿಗೆ ಕಾರ್ಡಿಗೆ ಜಿಎಸ್‌ಟಿ ಸೇರಿ ಸುಮಾರು 2,808, ವೈಯಕ್ತಿಕ ಸಾಲಕ್ಕೆ 2,375, ಕೈಸಾಲಕ್ಕೆ 1,200, ಚಿನ್ನಕ್ಕೆ 833, ಒಟ್ಟು 7,200 ರೂಪಾಯಿಗೂ ಸ್ವಲ್ಪ ಹೆಚ್ಚು ಬರಿಯ ಬಡ್ಡಿಯನ್ನೇ ಕಟ್ಟುತ್ತಿದ್ದಾರೆ. ಈ ಅಂಕಿಯನ್ನು ಹಾಳೆಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯಿರಿ. ಒಟ್ಟು ಸಾಲದ ಮೊತ್ತ ನೋಡಿದರೆ ಕೈಕಾಲು ಸೋಲುತ್ತದೆ. ತಿಂಗಳ ಬಡ್ಡಿಯ ಮೊತ್ತ ನೋಡಿದರೆ ಸಿಟ್ಟು ಬರುತ್ತದೆ, ಸಾಲ ತೀರಿಸಲು ಸಿಟ್ಟು ಒಳ್ಳೆಯದು.

ಕಾರ್ಡಿನ ಬಿಲ್ಲಿನಲ್ಲಿ ಕಾಣುವ ‘ಕನಿಷ್ಠ ಪಾವತಿ’ಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಶೇ 5 ಎಂದುಕೊಂಡರೆ ಈ ಮನೆಯವರು 3,400 ಕಟ್ಟುತ್ತಾರೆ. ಅದರಲ್ಲಿ 2,808 ಬಡ್ಡಿ ಮತ್ತು ತೆರಿಗೆಗೆ ಹೋಗಿ ಅಸಲಿಗೆ ಸೇರುವುದು ಆರುನೂರು ರೂಪಾಯಿಗೂ ಕಡಿಮೆ. ಮೇಲಾಗಿ ಹಳೆಯ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಇಂದು ಕೊಂಡ ಅಕ್ಕಿಗೂ ಇಂದಿನಿಂದಲೇ ಬಡ್ಡಿ.

ಹಂತ 3: ಮೊದಲು ಮನೆಯೊಳಗೆ ಹೇಳಿ

ಹೇಳುವುದಕ್ಕೆ ಒಳ್ಳೆಯ ಸಮಯ ಎಂಬುದು ಬರುವುದಿಲ್ಲ. ಕೆಟ್ಟ ಸಮಯಗಳು ಮಾತ್ರ ಇವೆ: ಹಬ್ಬದ ಹಿಂದಿನ ದಿನ, ನೆಂಟರು ಬಂದಿರುವಾಗ, ಜಗಳದ ನಡುವೆ. ಮಕ್ಕಳು ಮಲಗಿದ ಮೇಲೆ ಹಾಳೆಯನ್ನು ನಡುವೆ ಇಟ್ಟುಕೊಂಡು ಕುಳಿತುಕೊಳ್ಳಿ. ಏಕೆ ಆಯಿತು ಎಂಬ ವಿಚಾರಣೆ ಆ ರಾತ್ರಿ ಬೇಡ, ಎಷ್ಟಿದೆ ಎಂಬುದಷ್ಟೇ ಸಾಕು. ಇಬ್ಬರ ಹಾಳೆಗಳೂ ಹೊರಬರಲಿ. ಒಬ್ಬರು ಹೇಳಿದ ಮೇಲೆ ಇನ್ನೊಬ್ಬರೂ ಮೆಲ್ಲಗೆ ತಮ್ಮದನ್ನು ಹೇಳುವುದುಂಟು.

ಬಡ್ಡಿಯಿಲ್ಲದೆ ಕೊಟ್ಟ ಬಂಧುವಿಗೂ ಅದೇ ವಾರ ಫೋನ್ ಮಾಡಿ. ‘ಅಣ್ಣಾ, ನಿಮ್ಮ ಇಪ್ಪತ್ತೈದು ಸಾವಿರ ನನ್ನ ನೆನಪಿನಲ್ಲಿದೆ. ದೀಪಾವಳಿ ಬೋನಸ್ ಬಂದಾಗ ಒಂದು ಭಾಗ, ಮುಂದಿನ ವರ್ಷ ಉಳಿದದ್ದು ಕೊಡುತ್ತೇನೆ’ ಎಂದರೆ ಸಾಕು. ಅವರು ಕೇಳುವ ಮೊದಲೇ ನೀವು ಹೇಳಿದರೆ ಗೃಹಪ್ರವೇಶಗಳಲ್ಲಿ ಅವರ ಕಣ್ಣು ತಪ್ಪಿಸಿ ಓಡಾಡುವುದು ನಿಲ್ಲುತ್ತದೆ. ಲೆಕ್ಕದ ಪ್ರಕಾರ ಇದನ್ನು ಕಟ್ಟಕಡೆಗೆ ತೀರಿಸಬೇಕು. ನಾನು ಹಾಗೆ ಹೇಳಲಾರೆ, ಏಕೆಂದರೆ ನಾಳೆ ಆಸ್ಪತ್ರೆಗೆ ಹಣ ಬೇಕಾದಾಗ ಮೊದಲು ನೆನಪಾಗುವವರು ಅವರೇ.

ಹಂತ 4: ತಿಂಗಳ ಲೆಕ್ಕಕ್ಕೆ ವರ್ಷದ ಲೆಕ್ಕ ಸೇರಿಸಿ

ಕಾಫಿ ಬಿಡಿ, ಹೋಟೆಲ್ ದೋಸೆ ಬಿಡಿ ಎಂಬ ಉಪದೇಶ ಎಲ್ಲ ಕಡೆ ಸಿಗುತ್ತದೆ. ನಾನು ನೋಡಿದ ಮಟ್ಟಿಗೆ ಬಜೆಟ್ಟು ಮುರಿಯುವುದು ದೋಸೆಯಿಂದಲ್ಲ, ತಿಂಗಳಿಗೊಮ್ಮೆ ಬಾರದ ಖರ್ಚುಗಳಿಂದ. ಜೂನ್‌ನಲ್ಲಿ ಶಾಲೆಯ ಶುಲ್ಕ ಮತ್ತು ಪುಸ್ತಕ, ಭಾದ್ರಪದದಲ್ಲಿ ಗೌರಿ-ಗಣೇಶ, ನಂತರ ದಸರಾ, ದೀಪಾವಳಿಯ ಬಟ್ಟೆ, ಬೈಕಿನ ವಿಮೆ, ವೈಶಾಖದ ಮದುವೆಗಳು, ಊರ ಜಾತ್ರೆ. ಇವೆಲ್ಲ ಪ್ರತಿ ವರ್ಷ ಬರುತ್ತವೆ, ಆದರೂ ಪ್ರತಿ ವರ್ಷವೂ ಇದ್ದಕ್ಕಿದ್ದಂತೆ ಬಂದವರಂತೆ ನಾವು ಕಾರ್ಡು ಉಜ್ಜುತ್ತೇವೆ.

ಹೋದ ವರ್ಷದ ಯುಗಾದಿಯಿಂದ ಈ ಯುಗಾದಿಯವರೆಗಿನ ಬ್ಯಾಂಕ್ ಪಾಸ್‌ಬುಕ್, ಯುಪಿಐ ಇತಿಹಾಸ ತೆರೆದು ಇಂಥ ಖರ್ಚುಗಳನ್ನೆಲ್ಲ ಕೂಡಿಸಿ, ಹನ್ನೆರಡರಿಂದ ಭಾಗಿಸಿ. ನಮ್ಮ ಮನೆಯವರಿಗೆ ಶಾಲೆ ಬಿಟ್ಟು 48,000 ಬಂತು ಎಂದುಕೊಳ್ಳಿ, ತಿಂಗಳಿಗೆ 4,000. ಈ ನಾಲ್ಕು ಸಾವಿರ ಸಂಬಳ ಬಂದ ದಿನವೇ ಬೇರೆ ಖಾತೆಗೆ ಹೋಗಬೇಕು. ಹಬ್ಬವಿಲ್ಲದ ತಿಂಗಳಲ್ಲಿ ಅದು ಉಳಿದ ಹಣವಲ್ಲ, ಬರಲಿರುವ ಹಬ್ಬದ ಹಣ.

ಅವರ ತಿಂಗಳ ಲೆಕ್ಕ ಹೀಗಾಗುತ್ತದೆ: ಬಾಡಿಗೆ 11,000, ವೈಯಕ್ತಿಕ ಸಾಲದ ಕಂತು 6,600, ದಿನಸಿ, ಹಾಲು, ತರಕಾರಿ, ಗ್ಯಾಸ್ 9,500, ಶಾಲೆ 3,500, ಪೆಟ್ರೋಲ್ ಮತ್ತು ಬಸ್ 3,000, ವಿದ್ಯುತ್, ನೀರು, ಮೊಬೈಲ್ 1,800, ವಿಮೆ ಮತ್ತು ಔಷಧ 2,200, ವರ್ಷದ ಖರ್ಚಿನ ಗಂಟು 4,000, ಇಬ್ಬರ ಕೈಖರ್ಚು 1,500. ಒಟ್ಟು 43,100. ಉಳಿಯುವುದು 8,900. ಅದರಲ್ಲಿ 900 ಆಪದ್ಧನಕ್ಕೆ, 8,000 ಸಾಲಕ್ಕೆ.

ಕೈಖರ್ಚಿನ ಆ 1,500ನ್ನು ಕಿತ್ತುಹಾಕಬೇಡಿ. ಕೇಳುವವರಿಲ್ಲದೆ ಖರ್ಚು ಮಾಡಲು ಇಬ್ಬರಿಗೂ ಒಂದಿಷ್ಟು ಇರಲೇಬೇಕು. ಇಲ್ಲದಿದ್ದರೆ ಮೂರನೆಯ ತಿಂಗಳಿಗೆ ಇಡೀ ಯೋಜನೆಯ ಮೇಲೆಯೇ ಬೇಸರ ಬರುತ್ತದೆ.

ಯುಪಿಐ ಬಂದ ಮೇಲೆ ಹಣ ಕೈಬಿಡುವುದು ಗೊತ್ತೇ ಆಗುವುದಿಲ್ಲ. ಸಂಬಳ ಬರುವ ಖಾತೆಯಿಂದ ಯುಪಿಐ ತೆಗೆದುಹಾಕಿ. ಕಂತು, ಬಾಡಿಗೆಗಳು ಅಲ್ಲಿಂದ ತಾವೇ ಹೋಗಲಿ. ಇನ್ನೊಂದು ಉಳಿತಾಯ ಖಾತೆಗೆ ವಾರಕ್ಕೊಮ್ಮೆ, ಸೋಮವಾರ ಬೆಳಗ್ಗೆ ಎನ್ನೋಣ, ದಿನಸಿ ಮತ್ತು ಓಡಾಟದ ಹಣ ಮಾತ್ರ ಹಾಕಿ ಯುಪಿಐ ಅದಕ್ಕೆ ಜೋಡಿಸಿ. ಶುಕ್ರವಾರಕ್ಕೆ ಖಾಲಿಯಾದರೆ ಸೋಮವಾರದವರೆಗೆ ಮನೆಯಲ್ಲಿರುವ ಅವಲಕ್ಕಿ, ಹುರುಳಿಕಾಳಿನಲ್ಲಿ ನಿಭಾಯಿಸಬೇಕು. ಎರಡು ವಾರ ಕಷ್ಟವೆನಿಸುತ್ತದೆ, ಆಮೇಲೆ ಬುಧವಾರವೇ ಲೆಕ್ಕ ನೋಡುವ ಅಭ್ಯಾಸವಾಗುತ್ತದೆ.

ಸಾಲವಿರುವಾಗ ಹೊಸ ಚೀಟಿ ಹಾಕಬೇಡಿ. ನಡೆಯುತ್ತಿರುವುದನ್ನು ಮುಗಿಸಿ, ಬಂದ ಹಣವನ್ನು ನೇರವಾಗಿ ದುಬಾರಿ ಸಾಲಕ್ಕೆ ಕಟ್ಟಿ. ಕಷ್ಟದಲ್ಲಿರುವವರು ಆರಂಭದ ತಿಂಗಳುಗಳಲ್ಲೇ ಹೆಚ್ಚು ಕಳೆದು ಕೂಗಿ ಚೀಟಿ ಎತ್ತುತ್ತಾರೆ. ಆ ನಷ್ಟವೂ ಬಡ್ಡಿಯೇ, ಉಳಿದ ಸದಸ್ಯರ ಲಾಭವಾಗಿ ಹಂಚಿಹೋಗುವ ಬಡ್ಡಿ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗದ ಬೀದಿ ಚೀಟಿಯಾದರೆ ಹಣ ಮುಳುಗುವ ಭಯ ಬೇರೆ.

ಹಂತ 5: ಯಾವುದು ಮೊದಲು?

ಹೆಚ್ಚು ಬಡ್ಡಿಯದು ಮೊದಲು. ಎಲ್ಲಕ್ಕೂ ಕಟ್ಟಬೇಕಾದಷ್ಟನ್ನು ಕಟ್ಟುತ್ತ ಮಿಕ್ಕಿದ್ದನ್ನೆಲ್ಲ ದುಬಾರಿಯದರ ಮೇಲೆ ಸುರಿಯಬೇಕು. ಅದು ತೀರಿದ ಮೇಲೆ ಅದರ ಪಾಲಿನ ಹಣವೂ ಮುಂದಿನದಕ್ಕೆ ಸೇರುತ್ತದೆ. ಒಂದೇ ಒಂದು ವಿನಾಯಿತಿ ಕೊಡುತ್ತೇನೆ: ಎರಡು ಮೂರು ತಿಂಗಳಲ್ಲಿ ತೀರಿಬಿಡುವ ಸಣ್ಣ ಬಾಕಿಯಿದ್ದರೆ ಅದನ್ನು ಮೊದಲು ಮುಗಿಸಿ. ಪಟ್ಟಿಯಲ್ಲಿ ಒಂದು ಗೆರೆಗೆ ಕಾಟು ಹಾಕಿದ ಉತ್ಸಾಹಕ್ಕೆ ಸ್ವಲ್ಪ ಬಡ್ಡಿ ಹೋದರೂ ನಷ್ಟವಿಲ್ಲ.

ನಮ್ಮ ಮನೆಯವರ 8,000ದಲ್ಲಿ ಚಿನ್ನದ ಬಡ್ಡಿಗೆ 850, ಕೈಸಾಲದ ಬಡ್ಡಿಗೆ 1,200 ತೆಗೆದಿಟ್ಟರೆ ಕಾರ್ಡಿಗೆ 5,950 ಸಿಗುತ್ತದೆ. ಕಾರ್ಡು 16 ತಿಂಗಳಲ್ಲಿ ತೀರುತ್ತದೆ, ಆಮೇಲೆ ಕೈಸಾಲ 7 ತಿಂಗಳಲ್ಲಿ, ಆಮೇಲೆ ಚಿನ್ನ 14 ತಿಂಗಳಲ್ಲಿ. ಒಟ್ಟು 37 ತಿಂಗಳು. ಅಷ್ಟು ಹೊತ್ತಿಗೆ ವೈಯಕ್ತಿಕ ಸಾಲದ ಕಂತುಗಳೂ ಮುಗಿದಿರುತ್ತವೆ.

ಇದಕ್ಕಿಂತ ಚುರುಕಾದ ದಾರಿಯೊಂದಿದೆ. ಅಡವಿಟ್ಟ ಚಿನ್ನದ ಬೆಲೆ ಏರಿದ್ದರೆ, ಅಥವಾ ಮನೆಯಲ್ಲಿ ಇನ್ನೂ ಸ್ವಲ್ಪ ಚಿನ್ನವಿದ್ದರೆ, ಬ್ಯಾಂಕಿನಲ್ಲಿ ಚಿನ್ನದ ಸಾಲವನ್ನು 1,08,000 ಹೆಚ್ಚಿಸಿಕೊಂಡು ಕಾರ್ಡು, ಕೈಸಾಲ ಎರಡನ್ನೂ ಒಂದೇ ದಿನ ಮುಗಿಸುವುದು. ಆ ಎರಡರ ಮೇಲಿನ ತಿಂಗಳ ಬಡ್ಡಿ ನಾಲ್ಕು ಸಾವಿರದಿಂದ ಒಂಬೈನೂರಕ್ಕೆ ಇಳಿಯುತ್ತದೆ. ಅದೇ 8,000ವನ್ನು ಚಿನ್ನದ ಸಾಲಕ್ಕೆ ತಿಂಗಳು ತಿಂಗಳು ಕಟ್ಟಿದರೆ 2,08,000 ಸುಮಾರು 30 ತಿಂಗಳಲ್ಲಿ ತೀರುತ್ತದೆ. ಏಳು ತಿಂಗಳು ಮುಂಚೆ, ಎಂದರೆ ಐವತ್ತು ಸಾವಿರಕ್ಕೂ ಹೆಚ್ಚು ಉಳಿತಾಯ. ಅಸಲನ್ನು ಬಿಡಿಬಿಡಿಯಾಗಿ ಕಟ್ಟಲು ಅವಕಾಶವಿರುವ ಬಗೆಯ ಸಾಲವೇ ಬೇಕೆಂದು ಮೊದಲೇ ಹೇಳಿ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವಾದರೆ ನವೀಕರಣದ ಸುಳಿಗೆ ಬೀಳುತ್ತೀರಿ.

ಈ ದಾರಿಯಲ್ಲಿ ಎರಡು ಅಪಾಯಗಳಿವೆ. ಕಟ್ಟದಿದ್ದರೆ ಚಿನ್ನ ಹರಾಜಿಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ನಡೆಯುವುದು ಇನ್ನೊಂದು: ಕಾರ್ಡು ಖಾಲಿಯಾಯಿತೆಂದು ಮತ್ತೆ ಉಜ್ಜಿ, ಆರು ತಿಂಗಳಲ್ಲಿ ಚಿನ್ನದ ಸಾಲವೂ ಕಾರ್ಡಿನ ಸಾಲವೂ ಎರಡೂ ನಿಲ್ಲುತ್ತವೆ. ಆದ್ದರಿಂದ ಬಾಕಿ ಕಟ್ಟಿದ ದಿನವೇ ಕಾರ್ಡು ಮುಚ್ಚಲು ಲಿಖಿತ ಕೋರಿಕೆ ಕೊಡಿ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ಬ್ಯಾಂಕು ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಚಿನ್ನವಿಲ್ಲದವರು ಕಾರ್ಡಿನ ಬಾಕಿಯನ್ನು ಕಂತುಗಳಾಗಿ ಬದಲಿಸಲು ಕೇಳಬಹುದು. ದರ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಶುಲ್ಕವೆಷ್ಟು ಎಂದು ಕೇಳದೆ ಒಪ್ಪಬೇಡಿ.

ವೈಯಕ್ತಿಕ ಸಾಲವನ್ನು ಮುಂಚಿತವಾಗಿ ಮುಗಿಸುವ ಆತುರ ಬೇಡ. ಅದು ಸ್ಥಿರ ಬಡ್ಡಿಯದಾದರೆ ಮುಂಗಡ ಪಾವತಿಗೆ ಶುಲ್ಕವಿರುವುದು ಸಾಮಾನ್ಯ.

ಹಂತ 6: ಕೂಟ ಕಟ್ಟಿಕೊಳ್ಳಿ

ಇಲ್ಲಿಯವರೆಗಿನದನ್ನು ಒಬ್ಬರೇ ಮಾಡಬಹುದು, ಮೊದಲ ಮೂರು ತಿಂಗಳು ಚೆನ್ನಾಗಿಯೂ ಮಾಡಬಹುದು. ಆಮೇಲೆ ಮೂವತ್ತು ತಿಂಗಳು ಉಳಿಯುತ್ತದೆಯಲ್ಲ, ಕೂಟ ಬೇಕಾಗುವುದು ಅಲ್ಲಿ.

ಸಣ್ಣ ಗುಂಪಿನಲ್ಲಿ ಹಣದ ಮಾತಾಡುವುದು ನಮ್ಮ ನಾಡಿಗೆ ಹೊಸತಲ್ಲ. 1980ರ ದಶಕದ ಮಧ್ಯದಲ್ಲಿ, ಬೆಂಗಳೂರಿನಲ್ಲಿ ನೆಲೆಯುಳ್ಳ ಮೈರಾಡ ಸಂಸ್ಥೆಯು ತಾನು ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಒಬ್ಬರನ್ನೊಬ್ಬರು ನಂಬಿದ ಸಣ್ಣ ಗುಂಪುಗಳು ಉಳಿದುಕೊಂಡದ್ದನ್ನು ಗಮನಿಸಿತು. ಅಂಥ ಗುಂಪುಗಳೇ ಮುಂದೆ ಸ್ವಸಹಾಯ ಸಂಘಗಳಾದವು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಅವನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. ಈ ಸಂಘಗಳ ಪಂಚಸೂತ್ರ ಹಳ್ಳಿಯ ಯಾವ ಅಕ್ಕನನ್ನು ಕೇಳಿದರೂ ಗೊತ್ತು: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ.

ಸಾಲ ತೀರಿಸುವ ಕೂಟಕ್ಕೆ ಇವುಗಳಲ್ಲಿ ಸಭೆ ಮತ್ತು ಪುಸ್ತಕ ಬೇಕು. ಆಂತರಿಕ ಸಾಲ ಖಂಡಿತ ಬೇಡ. ಧೈರ್ಯ ಹೇಳುವವರು ಸಾಲ ಕೊಟ್ಟವರಾಗಬಾರದು. ಸದಸ್ಯರು ಒಬ್ಬರಿಗೊಬ್ಬರು ಐನೂರು ರೂಪಾಯಿ ಕೊಟ್ಟುಕೊಂಡರೂ ಮುಂದಿನ ಸಭೆಗೆ ಒಬ್ಬರು ಬರುವುದಿಲ್ಲ. ಜಾಮೀನೂ ಬೇಡ. ಕಿರುಸಾಲ ಸಂಸ್ಥೆಗಳ ಗುಂಪುಗಳಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಹೊರಬೇಕಾಗಿ, ನೆರೆಮನೆಯವರೇ ಬಾಗಿಲಲ್ಲಿ ಕುಳಿತು ವಸೂಲಿ ಮಾಡುವ ಸ್ಥಿತಿ ಬಂದಿರುವುದನ್ನು ನೋಡಿದ್ದೇವೆ. ನಮಗೆ ಬೇಕಾದ ಕೂಟ ಅದಕ್ಕೆ ಪೂರ್ತಿ ವಿರುದ್ಧ.

ಮೂರರಿಂದ ಐದು ಜನ ಸಾಕು. ವರಮಾನದಲ್ಲಿ ತೀರಾ ಹೆಚ್ಚುಕಡಿಮೆ ಇರದವರು, ನಿಮ್ಮ ಮೇಲಧಿಕಾರಿಯಲ್ಲದವರು, ನೀವು ಹಣ ಕೊಡಬೇಕಾಗಿಲ್ಲದವರು, ಎಲ್ಲಕ್ಕಿಂತ ಮುಖ್ಯವಾಗಿ ಮಾತು ಹೊರಗೆ ಬಿಡದವರು. ಹತ್ತಿರದ ನೆಂಟರಿಗಿಂತ ಹಳೆಯ ಸಹೋದ್ಯೋಗಿ, ಹಾಸ್ಟೆಲಿನ ಗೆಳತಿ, ಮಕ್ಕಳ ಶಾಲೆಯ ಗೇಟಿನ ಬಳಿ ಪರಿಚಯವಾದವರು ವಾಸಿ. ದುಬೈನಲ್ಲೋ ಪುಣೆಯಲ್ಲೋ ಇರುವ ಸ್ನೇಹಿತರಾದರೆ ವಿಡಿಯೊ ಕರೆಯೂ ಆಗುತ್ತದೆ.

ತಿಂಗಳಿಗೊಮ್ಮೆ, ಸಂಬಳ ಬಂದ ನಂತರದ ಮೊದಲ ಭಾನುವಾರ, ಮುಕ್ಕಾಲು ಗಂಟೆ. ಪ್ರತಿಯೊಬ್ಬರೂ ಮೂರು ಅಂಕಿಗಳನ್ನು ಗಟ್ಟಿಯಾಗಿ ಓದಬೇಕು: ಹೋದ ತಿಂಗಳ ಒಟ್ಟು ಸಾಲ, ಈ ತಿಂಗಳ ಒಟ್ಟು ಸಾಲ, ಈ ತಿಂಗಳು ಕಟ್ಟಿದ ಬಡ್ಡಿ. ನಂತರ ಒಂದು ಮಾತು: ಬರುವ ತಿಂಗಳಲ್ಲಿ ಯಾವ ಖರ್ಚು ಹೆದರಿಸುತ್ತಿದೆ. ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಬರೆಯುವ ಸರದಿ ತಿಂಗಳಿಗೊಬ್ಬರದು. ಸಾಲ ಹೆಚ್ಚಾಗಿದ್ದರೆ ‘ಏಕೆ?’ ಎಂದು ಕೇಳುವಂತಿಲ್ಲ. ‘ಮುಂದೇನು?’ ಎಂದು ಕೇಳಬಹುದು. ಕೇಳದೆ ಸಲಹೆ ಕೊಡುವಂತಿಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ಕಷ್ಟದ ನಿಯಮ ಇದೇ.

ಸಭೆಗಳ ನಡುವೆ ವಾಟ್ಸ್‌ಆ್ಯಪ್ ಬಳಗವಿರಲಿ, ಆದರೆ ಶುಭೋದಯದ ಚಿತ್ರಗಳಿಗಲ್ಲ. ಹಣ ಕಟ್ಟಿದಾಗ ಮೊತ್ತ ತಿಳಿಸಲು, ಕೈ ಜಾರುವ ಹೊತ್ತಿನಲ್ಲಿ ಕೇಳಲು. ಒಂದು ಸಂಭಾಷಣೆ ಹೀಗಿರಬಹುದು:

‘ಶನಿವಾರ ನಾದಿನಿಯ ಮಗಳ ಮದುವೆ. ಐದು ಸಾವಿರವಾದರೂ ಓದಿಸಬೇಕು ಎನ್ನುತ್ತಿದ್ದಾರೆ ಅತ್ತೆ.’

‘ನಿಮ್ಮ ಮದುವೆಗೆ ಅವರು ಎಷ್ಟು ಓದಿಸಿದ್ದರು? ಪುಸ್ತಕ ನೋಡಿ ಅಕ್ಕಾ.’

‘ಸಾವಿರದೊಂದು.’

‘ಹಾಗಾದರೆ ಎರಡು ಸಾವಿರದೊಂದು ಓದಿಸಿದರೆ ಧಾರಾಳವಾಯಿತು. ವರ್ಷದ ಗಂಟಿನಿಂದ ತೆಗೆಯಿರಿ, ಕಾರ್ಡು ಮುಟ್ಟಬೇಡಿ.’

ಇಷ್ಟೇ. ಇದನ್ನು ಅತ್ತೆಯ ಮುಂದೆ ಹೇಳಲು ಬಾಯಿ ಬರುವುದಿಲ್ಲ, ಕೂಟದಲ್ಲಿ ಹೇಳಿಸಿಕೊಂಡ ಮೇಲೆ ಬರುತ್ತದೆ.

ಪಟ್ಟಿಯಿಂದ ಒಂದು ಸಾಲ ಅಳಿದಾಗ ಸಂಭ್ರಮಿಸಿ. ಯಾರಾದರೊಬ್ಬರ ಮನೆಯಲ್ಲಿ ಹೆಸರುಬೇಳೆ ಪಾಯಸವಾಗಲಿ, ಹೋಟೆಲ್ ಬೇಡ.

ಹಂತ 7: ವಸೂಲಿಯವರ ಕಾಟಕ್ಕೆ ಕಾನೂನಿದೆ

ಕಂತು ತಪ್ಪುವುದು ಖಚಿತವೆನಿಸಿದರೆ ತಪ್ಪುವ ಮೊದಲೇ ಶಾಖೆಗೆ ಹೋಗಿ ಲಿಖಿತವಾಗಿ ತಿಳಿಸಿ, ಅವಧಿ ವಿಸ್ತರಿಸಲು ಕೇಳಿ. ವಸೂಲಿ ಪ್ರತಿನಿಧಿಗಳು ಬೆಳಗ್ಗೆ 8ರ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಕಿರುಸಾಲಗಳಿಗೆ ಈ ಮಿತಿ ಬೆಳಗ್ಗೆ 9ರಿಂದ ಸಂಜೆ 6. ಬೈಗುಳ, ಬೆದರಿಕೆ, ಬಂಧುಮಿತ್ರರ ಮುಂದೆ ಮರ್ಯಾದೆ ತೆಗೆಯುವುದು ಎಲ್ಲವೂ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ ಬಳಿಗೆ ಹೋಗಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ನೋಂದಣಿಯಿಲ್ಲದೆ ಸಾಲ ಕೊಟ್ಟು ಬಲವಂತದ ವಸೂಲಿ ಮಾಡುವವರ ವಿರುದ್ಧ ಕರ್ನಾಟಕ ಸರ್ಕಾರ ಫೆಬ್ರವರಿ 2025ರಲ್ಲಿ ಸುಗ್ರೀವಾಜ್ಞೆ ತಂದು ಆಮೇಲೆ ಕಾಯ್ದೆಯನ್ನೇ ಮಾಡಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡಕ್ಕೆ ಅದರಲ್ಲಿ ಅವಕಾಶವಿದೆ. ದೂರು ಪೊಲೀಸ್ ಠಾಣೆಯಲ್ಲಿ. ಮೊಬೈಲಿನ ಫೋಟೊ, ಸಂಪರ್ಕ ಪಟ್ಟಿ ಕದ್ದು ಹೆದರಿಸುವ ಸಾಲದ ಆ್ಯಪ್‌ಗಳಾದರೆ ಸೈಬರ್ ಸಹಾಯವಾಣಿ 1930. ಎಲ್ಲ ಕರೆ, ಸಂದೇಶಗಳನ್ನೂ ಉಳಿಸಿಕೊಳ್ಳಿ. ಇಂಥ ಹೊತ್ತಿನಲ್ಲಿ ಕೂಟದ ಒಬ್ಬರು ಠಾಣೆಗೋ ಶಾಖೆಗೋ ಜೊತೆಗೆ ಬಂದರೆ ಅರ್ಧ ಭಯ ಇಳಿಯುತ್ತದೆ. ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಕೂಟದಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಮೌನವಾದರೆ ಸಂದೇಶ ಕಳುಹಿಸಿ ಸುಮ್ಮನಾಗದೆ ಮನೆಗೆ ಹೋಗಿ ನೋಡಿ.

ಹಂತ 8: ತೀರಿದ ಮೇಲೆ ಕಾಗದ ಮುಗಿಸಿ

ಕೈಸಾಲಕ್ಕೆ ಕಟ್ಟುವುದೆಲ್ಲ ಬ್ಯಾಂಕ್ ಅಥವಾ ಯುಪಿಐ ಮೂಲಕವಿರಲಿ, ಟಿಪ್ಪಣಿಯಲ್ಲಿ ‘ಬಡ್ಡಿ ಬಾಬ್ತು’ ಅಥವಾ ‘ಅಸಲು ಬಾಬ್ತು’ ಎಂದು ನಮೂದಿಸಿ. ನಗದು ಕೊಟ್ಟರೆ ಸಹಿ ಹಾಕಿಸಿಕೊಳ್ಳಿ. ಕೊನೆಯ ಕಂತಿನ ಜೊತೆಗೇ ಪ್ರೋನೋಟು, ಖಾಲಿ ಚೆಕ್ಕು ವಾಪಸು ಬರಬೇಕು. ‘ಎಲ್ಲೋ ಇದೆ, ಹುಡುಕಿ ಕೊಡುತ್ತೇನೆ’ ಎಂದರೆ ಹಣವೂ ಆ ದಿನಕ್ಕೇ ಎನ್ನಿ. ಬ್ಯಾಂಕಿನಿಂದ ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ಆಸ್ತಿ ಪತ್ರ ಅಡವಿಟ್ಟಿದ್ದರೆ ಸಾಲ ತೀರಿದ 30 ದಿನಗಳೊಳಗೆ ಮೂಲಪತ್ರ ಹಿಂದಿರುಗಿಸಬೇಕು. ಸಂಸ್ಥೆಯ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ ಡಿಸೆಂಬರ್ 2023ರಿಂದ ಜಾರಿಯಲ್ಲಿದೆ.

ಬ್ಯಾಂಕು ‘ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ’ ಎಂದು ಇತ್ಯರ್ಥಕ್ಕೆ ಕರೆದರೆ ಹಿಗ್ಗುವ ಮೊದಲು ಯೋಚಿಸಿ. ಕ್ರೆಡಿಟ್ ವರದಿಯಲ್ಲಿ ಅದು ಪೂರ್ತಿ ತೀರಿದ ಸಾಲವೆಂದು ಕಾಣಿಸುವುದಿಲ್ಲ. ರಾಜಿಯಲ್ಲಿ ಮುಗಿದದ್ದೆಂದು ದಾಖಲಾಗುತ್ತದೆ, ಮುಂದೆ ಗೃಹ ಸಾಲ ಕೇಳಿದಾಗ ಅಡ್ಡ ಬರುತ್ತದೆ. ಬೇರೆ ದಾರಿಯೇ ಇಲ್ಲದವರು ಮಾತ್ರ ಒಪ್ಪಿ, ಅದೂ ಪತ್ರ ಕೈಗೆ ಬಂದ ಮೇಲೆ ಹಣ ಕಟ್ಟಿ.

ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿ ಮತ್ತೊಮ್ಮೆ ತರಿಸಿ, ತೀರಿದ ಸಾಲ ಇನ್ನೂ ಬಾಕಿಯೆಂದು ಕಂಡರೆ ವರದಿ ಕೊಟ್ಟ ಸಂಸ್ಥೆಗೂ ಬ್ಯಾಂಕಿಗೂ ತಿದ್ದುಪಡಿಗೆ ಬರೆಯಿರಿ. ಕೂಟದಲ್ಲಿ ಮೊದಲು ಸಾಲ ಮುಗಿಸಿದವರು ಎದ್ದು ಹೋಗಬೇಕಾಗಿಲ್ಲ. ಸಾಲದ ಅಂಕಿ ಓದುವ ಸರದಿ ಬಂದಾಗ ಅವರು ಆಪದ್ಧನದ ಅಂಕಿ ಓದಲಿ. ಮೂರು ತಿಂಗಳ ಮನೆಖರ್ಚಿನಷ್ಟು ಅದು ಕೂಡುವವರೆಗೆ, ನಮ್ಮ ದಾವಣಗೆರೆಯ ಮನೆಗಾದರೆ ಸುಮಾರು 1,10,000 ಆಗುವವರೆಗೆ, ಅವರಿಗೂ ಭಾನುವಾರದ ಸಭೆ ಬೇಕು.